ಮಹಾಂತಯ್ಯ ಮಾಸ್ತರರ ಒಂಬತ್ತು ಸಾಲು

ಮಾನ್ವಿಯ ಪೀರಾ ಸಾಬ್ ಕಲಾಯಿ ಹಾಕಿದ ಪಾತ್ರೆಯೊಳಗೆ ಮುಖ ನೋಡಿಕೊಂಡವರು ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಪೋತ್ನಾಳದ ಒಬ್ಬ ಮುದುಕಿ ತನ್ನ ಬೋಗುಣಿಯಲ್ಲಿ ಕಂಡ ಹುಡುಗಿ ಯಾರ ಮನೆಯವಳು ಎಂದು ಮೂರು ದಿನ ಓಣಿಯೆಲ್ಲ ವಿಚಾರಿಸಿದಳಂತೆ. ಅಂಥ ಕೈ ಅವನದು. ಸೈಕಲ್ಲಿಗೆ ತಿದಿ, ಇದ್ದಿಲ ಚೀಲ, ತವರದ ಕಡ್ಡಿ ಕಟ್ಟಿಕೊಂಡು ಪೋತ್ನಾಳ, ಮಲ್ಲಟ ಅಂತ ತಿರುಗುತ್ತಿದ್ದ. ಸಂಜೆ ಮನೆ ಮುಟ್ಟಿದರೆ ಕೈಕಾಲು ತೊಳೆಯುವುದಕ್ಕೂ ಮೊದಲು ಏಣಿ ಹತ್ತಿ ಮಾಳಿಗೆಗೆ ಹೋಗುತ್ತಿದ್ದ, ಪಾರಿವಾಳ ನೋಡಲು.

ಪಾರಿವಾಳಗಳ ಮಾತು ಪಾತ್ರೆಗಿಂತ ದೊಡ್ಡದು. ಅವನ ಬಿಳಿ ಹೆಣ್ಣೊಂದು ಒಮ್ಮೆ ಎಷ್ಟು ಮೇಲೇರಿತೆಂದರೆ, ಅದು ಇಳಿದು ಬರುವಷ್ಟರಲ್ಲಿ ಜೋಳದ ದರ ಎರಡು ಸಲ ಏರಿತ್ತು. ಅದರ ರೆಕ್ಕೆಗೆ ಮೋಡದ ಹಸಿ ಹತ್ತಿತ್ತು ಎಂದೂ, ಅವನ ಹೆಂಡತಿ ಹಾಜಿರಾ ಬೀ ಅದನ್ನು ಹಿಂಡಿ ಒಂದು ತಂಬಿಗೆ ನೀರು ತುಂಬಿಕೊಂಡಳು ಎಂದೂ ಹೇಳುವವರಿದ್ದಾರೆ. ಅರ್ಧ ತಂಬಿಗೆ ಇದ್ದೀತು. ಅದಕ್ಕಿಂತ ಕಡಿಮೆಯಂತೂ ಅಲ್ಲ.

ಮಾಳಿಗೆಯ ಗೋಡೆಯಲ್ಲಿ ಮೂವತ್ತು ಗಡಿಗೆ ಅಡ್ಡ ಮಲಗಿಸಿ ಮಣ್ಣು ಮೆತ್ತಿದ್ದ. ಗಡಿಗೆಗೊಂದು ಜೋಡಿ. ಅವುಗಳಲ್ಲಿ ಎರಡು ಜಾತಿ. ಒಂದು ಹಾರುವ ಬಿಳಿ ಜಾತಿ, ನುಣ್ಣನೆ ತಲೆಯದು. ಇನ್ನೊಂದು ಊರಿನ ದಪ್ಪ ಜಾತಿ, ತಲೆ ಹಿಂದೆ ಜುಟ್ಟಿರುವಂಥದು. ಹಾರುವ ಹೆಣ್ಣು ಕಾವಿಗೆ ಕೂತು ಮರಿಗೆ ಹಾಲು ಕೊಡತೊಡಗಿದರೆ ಅದರ ಕಸುವೆಲ್ಲ ಇಳಿದುಹೋಗುತ್ತದೆ. ಹೌದು, ಪಾರಿವಾಳಕ್ಕೆ ಹಾಲುಂಟು. ಗಂಡಿಗೂ ಉಂಟು, ಹೆಣ್ಣಿಗೂ ಉಂಟು. ಗಂಟಲ ಚೀಲದಲ್ಲಿ ಮೊಸರಿನ ಹಾಗೆ ಕಟ್ಟಿ ಮರಿಯ ಬಾಯಿಗೆ ಬರುತ್ತದೆ. ಅದಕ್ಕೇ ಪಾರಿವಾಳ ಸಾಕುವವರೆಲ್ಲ ಬಿಳಿ ಹೆಣ್ಣಿನ ತತ್ತಿಯನ್ನು ತೆಗೆದು ಜುಟ್ಟಿನ ಜೋಡಿಯ ಗಡಿಗೆಯಲ್ಲಿಡುತ್ತಾರೆ. ಆ ಜೋಡಿಗೆ ದಾಯಿ ಜೋಡಿ ಎಂದು ಹೆಸರು. ಪೀರಾ ಸಾಬನೂ ಹಾಗೇ ಮಾಡುತ್ತಿದ್ದ. ಆದರೆ ಮಾನ್ವಿಯಲ್ಲಿ ಅದನ್ನು ಕದ್ದು ಮಾಡುವವನು ಅವನೊಬ್ಬನೇ.

ಕದ್ದು ಮಾಡುವುದಕ್ಕೆ ಕಾರಣ ಅವನ ಮಗಳು ಕಮರುನ್ನೀಸಾ.

ಹಾಜಿರಾ ಬೀಗೆ ಮೂರು ಕೂಸು ಹುಟ್ಟಿ ಮೂರೂ ಉಳಿಯಲಿಲ್ಲ. ಮೂರನೆಯದನ್ನು ಮಣ್ಣು ಮಾಡಿ ಬಂದಾಗ ಅವಳ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿತ್ತು. ಅದೇ ವಾರ ದೇವದುರ್ಗದಲ್ಲಿ ಅವಳ ಅಕ್ಕ ಬಿಸ್ಮಿಲ್ಲಾ ಬೀ ಆರನೆಯ ಹೆಣ್ಣುಕೂಸು ಹೆತ್ತಿದ್ದಳು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ತಂಗಿಯ ಮಡಿಲಲ್ಲಿಟ್ಟು, ಹಿಂದಿರುಗಿ ನೋಡದೆ ಬಸ್ ಹತ್ತಿದಳು. ಹುಡುಗಿಗೆ ಎಂದೂ ಹೇಳಬಾರದೆಂದು ಅಕ್ಕ ತಂಗಿ ಮಾತಾಡಿಕೊಂಡಿದ್ದರು. ಗೊತ್ತಾದ ದಿನ ಅವಳು ತನ್ನನ್ನು ಅಮ್ಮೀ ಎನ್ನುವ ಮೊದಲು ಒಂದು ಗಳಿಗೆ ಯೋಚಿಸುತ್ತಾಳೆ ಎಂಬುದು ಹಾಜಿರಾ ಬೀಯ ಹೆದರಿಕೆ. ಆ ಒಂದು ಗಳಿಗೆಯನ್ನು ತಪ್ಪಿಸಲು ಗಂಡ ಹೆಂಡತಿ ಇಬ್ಬರೂ ಹದಿನೆಂಟು ವರ್ಷ ನಾಲಿಗೆ ಬಿಗಿಹಿಡಿದರು.

ಹುಡುಗಿಗೆ ನಾಲ್ಕು ವರ್ಷವಿದ್ದಾಗ ಪಕ್ಕದ ಮನೆಯ ಬಡೇಬೀ ತನ್ನ ಮಾಳಿಗೆಯಿಂದ ಇಣುಕಿದಳು. ಪೀರಾ ಸಾಬ್ ಬಿಳಿ ಹೆಣ್ಣಿನ ತತ್ತಿಯನ್ನು ತಲೆಯ ಟೋಪಿಯಲ್ಲಿಟ್ಟುಕೊಂಡು ದಾಯಿ ಗಡಿಗೆಗೆ ಒಯ್ಯುತ್ತಿದ್ದ. ಕಮರುನ್ನೀಸಾ ಹಾಜಿರಾ ಬೀಯ ಸೊಂಟದ ಮೇಲಿದ್ದಳು.

"ಏನ್ ಪೀರಾ ಭಾಯಿ," ಎಂದಳು ಬಡೇಬೀ, "ನಿಮ್ಮನ್ಯಾಗ ಮಾಳಗಿ ಮ್ಯಾಲೂ ಅದ ಪದ್ಧತಿ, ಕೆಳಗೂ ಅದ ಪದ್ಧತಿ."

ಹಾಜಿರಾ ಬೀ ಆ ವರ್ಷವೆಲ್ಲ ಬಡೇಬೀಯ ಜೊತೆ ಮಾತು ಬಿಟ್ಟಳು. ಪೀರಾ ಸಾಬ್ ಅಂದಿನಿಂದ ತತ್ತಿ ಬದಲಿಸುವ ಕೆಲಸವನ್ನು ಬೆಳಗಿನ ನಮಾಜಿಗೆ ಎದ್ದಾಗ, ಹುಡುಗಿ ಏಳುವುದರೊಳಗೆ ಮುಗಿಸತೊಡಗಿದ. ಹುಡುಗಿ ದೊಡ್ಡವಳಾಗಿ, "ಅಬ್ಬಾ, ನಿನ್ನೆ ಬಿಳೀದು ತತ್ತಿ ಇಟ್ಟಿತ್ತು, ಇವತ್ತ ಇಲ್ಲ," ಎಂದರೆ, "ಕಾಗಿ ಒಯ್ದಿರಬೇಕು ಬೇಟಿ," ಎನ್ನುತ್ತಿದ್ದ. ಆ ಲೆಕ್ಕದಲ್ಲಿ ಮಾನ್ವಿಯ ಕಾಗೆಗಳು ಕುರಿಯಷ್ಟು ಕೊಬ್ಬಿ ಹಾರಲಾರದೆ ನಡೆದುಕೊಂಡು ಸಂತೆಗೆ ಹೋಗಬೇಕಾಗಿತ್ತು.

ಮಹಾಂತಯ್ಯ ಮಾಸ್ತರರು ಬಂದದ್ದು ೧೯೭೬ರಲ್ಲಿ. ಮಸರಕಲ್ಲಿನವರು, ರಾಯಚೂರಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ, ಮೂವತ್ತು ಗಡಿಗೆ ಒಟ್ಟಿಗೆ ಕಂಡಾಗ ಕಣ್ಣಲ್ಲಿ ನೀರು. ಹಾಜಿರಾ ಬೀ ಕೊಟ್ಟ ಚಹಾ ಆರಿಹೋಗುವ ತನಕ ಮಾತಾಡಿದರು.

"ನಮ್ಮ ಕಾಲೇಜಿನಾಗ ಫಿಜಿಕ್ಸಿನವರು ಅಬ್ದುಲ್ ವಹೀದ್ ಅಂತ ಅದಾರ್ರಿ. ದಿನಾ ಕುಟುಕತಾರ. ಕಲ್ಲು ಒಗದ್ರ ಮಾನ್ವ್ಯಾಗೂ ಬೀಳತದ, ದೇವದುರ್ಗದಾಗೂ ಬೀಳತದ, ಒಂದ ಲೆಕ್ಕದಾಗ ಬೀಳತದ. ನಿಮ್ಮ ಜೀವಿಗೆ ಅಂಥ ನಿಯಮ ಒಂದರ ತೋರಸ್ರಿ ಅಂತಾರ. ನಿಮ್ದು ಶಾಸ್ತ್ರ ಅಲ್ಲ, ಸಂತಿ; ಬಂದವರ ಹೆಸರು ಬರಕೊಂಡು ಕುಂದರ್ತೀರಿ ಅಂತಾರ."

"ಅನ್ಲಿ ಬಿಡ್ರಿ ಮಾಸ್ತರ್. ಸಂತಿ ಏನ್ ಕೆಟ್ಟದ್ದ?"

"ಹಂಗಲ್ಲ ಪೀರಾ ಸಾಬ್. ಈ ಮಾಳಗಿ ನೋಡ್ರಿ. ತೊಲಿ ಅದ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಮಣ್ಣು. ತೊಲಿ ಗಟ್ಟಿ ಇದ್ರ ನಾವಿಬ್ರೂ ಇಲ್ಲಿ ಕುಂತು ಚಹಾ ಕುಡೀತೀವಿ. ಶಾಸ್ತ್ರಾನೂ ಹಂಗ ಕಟ್ಟಬೇಕು. ಮೊದ್ಲ ಒಂದೆರಡು ಸಾಲು, ಯಾರೂ ಇಲ್ಲ ಅನ್ನಲಾರದಂಥವು. ಆಮ್ಯಾಲ ಉಳಿದ ಸಾಲು. ಅವನ್ನ ಹಿಡಕೊಂಡು, ಹುಟ್ಟಲಾರದ ಮರಿ ಹೆಂಗಿರತದ ಅಂತ ಮೊದ್ಲ ಹೇಳಿಬಿಡಬೇಕು. ಆಗ ವಹೀದರು ಚಹಾ ಕುಡೀಲಾರದ ಎದ್ದು ಹೋಗಬೇಕು."

ಪೀರಾ ಸಾಬನಿಗೆ ಓದು ಬರಹ ಬರದು. ಆದ್ದರಿಂದ ಪಾರಿವಾಳಗಳ ಬುಕ್ಕನ್ನು ಹನ್ನೆರಡು ವರ್ಷದ ಕಮರುನ್ನೀಸಾ ಬರೆಯುವುದೆಂದಾಯಿತು. ಮಾಸ್ತರರು ಗಡಿಗೆಗಳ ಮೇಲೆ ಸುಣ್ಣದಲ್ಲಿ ಒಂದರಿಂದ ಮೂವತ್ತರವರೆಗೆ ಅಂಕಿ ಬರೆದರು. ಆಮೇಲೆ ಹುಡುಗಿಗೆ ಬುಕ್ಕಿನ ಮೊದಲ ಹಾಳೆಯಲ್ಲಿ ಬರೆಯಲು ಹೇಳಿದರು: "ಒಂದನೇ ಸಾಲು. ಪ್ರತಿ ಮರಿಗೆ ಒಬ್ಬಳೇ ತಾಯಿ, ಒಬ್ಬನೇ ತಂದೆ. ಮರಿಯಿರುವ ಗಡಿಗೆಯ ಜೋಡಿಯೇ ಅವರು."

ಬರೆಸಿ, "ಹೌದಲ್ರೀ ಪೀರಾ ಸಾಬ್?" ಎಂದು ಕೇಳಿದರು. ಅದು ಕೇಳಬೇಕಾದ ಮಾತೂ ಅಲ್ಲ ಎನ್ನುವ ಹಾಗೆ ಕೇಳಿದರು.

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ, ಯಾಕೆ ಇಲ್ಲ ಎಂದು ಹುಡುಗಿ ಕೇಳುತ್ತಾಳೆ. ತತ್ತಿ ಬೇರೆಯವರದು, ಗೂಡು ಬೇರೆಯವರದು ಎಂದರೆ, ಆ ಮರಿಗೆ ಗೊತ್ತಿರುತ್ತದೇನು ಅಬ್ಬಾ ಎಂದು ಕೇಳುತ್ತಾಳೆ. ಅವಳು ಹಾಗೆ ಕೇಳುವ ಹುಡುಗಿಯೇ. ಅವಳ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು.

"ಹೌದ್ರಿ," ಎಂದ. "ಹಾಲು ಕೊಟ್ಟವರ ತಾಯಿ ತಂದಿ."

ಇದು ಸುಳ್ಳೆಂದು ಅವನಿಗೆ ಅನಿಸಲಿಲ್ಲ. ಅವನ ಮನೆಯಲ್ಲಿ ಅದೇ ನಿಜವಾಗಿತ್ತು.

ಎರಡನೇ ಸಾಲು: ಜುಟ್ಟಿನ ಜೋಡಿಗೆ ಜುಟ್ಟಿನ ಮರಿಯೇ. ಮೂರನೇ ಸಾಲು: ಬಿಳಿಗಣ್ಣಿನ ಜೋಡಿಗೆ ಬಿಳಿಗಣ್ಣಿನ ಮರಿಯೇ. ಇವೆರಡೂ ಲೋಕದಲ್ಲೆಲ್ಲ ನಿಂತ ಮಾತುಗಳೆಂದು ಮಾಸ್ತರರು ಹೇಳಿದರು. ಮಾನ್ವಿಯಲ್ಲಿ ನಾಲ್ಕು ತಿಂಗಳೂ ನಿಲ್ಲಲಿಲ್ಲ. ಮೂರನೇ ಗಡಿಗೆಯಲ್ಲಿ ಅಪ್ಪನಿಗೂ ಅವ್ವನಿಗೂ ಗೇಣುದ್ದ ಜುಟ್ಟು, ಮರಿ ನೋಡಿದರೆ ನಿಂಬೆಹಣ್ಣಿನಂಥ ತಲೆ.

ಮಾಸ್ತರರು ತಿಂಗಳಿಗೊಂದು ಭಾನುವಾರ ಬರುತ್ತಿದ್ದರು. ಬಂದಾಗೆಲ್ಲ ಇಂಥ ಎರಡು ಮೂರು ಮರಿ. ಮಳೆಗಾಲದ ಮರಿಗೆ ಜುಟ್ಟು ಅಡಗುವುದುಂಟು ಎಂದು ನಾಲ್ಕನೇ ಸಾಲು ಬರೆಸಿದರು. ಮುಂದಿನ ನುಣ್ಣನೆ ತಲೆ ಬೇಸಿಗೆಯಲ್ಲಿ ಹುಟ್ಟಿತು. ಅಜ್ಜಿಯ ತಲೆ ಮೊಮ್ಮಗಳಿಗೆ ಬರಬಹುದು ಎಂದು ಐದನೇ ಸಾಲು. ಅದಕ್ಕೊಂದು ಬಾಲ, ಆ ಬಾಲಕ್ಕೊಂದು ಗಂಟು. ಏಳನೇ ಸಾಲು ಬರೆಸಿದ ದಿನ ಹಾಜಿರಾ ಬೀ ಚಹಾ ತಂದು ಏಣಿಯ ಮೇಲಿದ್ದಳು.

"ಹಾರುವ ಬಿಳಿ ಹೆಣ್ಣು ಬಹುಮಟ್ಟಿಗೆ ಬಂಜೆ," ಎಂದು ಮಾಸ್ತರರು ಹೇಳಿದರು, ಹುಡುಗಿ ಬರೆದುಕೊಂಡಳು. "ಹತ್ತೊಂಬತ್ತನೇ ಗಡಿಗಿ ನೋಡ್ರಿ. ಮೂರು ವರ್ಷಾತು, ಒಂದ್ ಮರಿ ಇಲ್ಲ."

ಹತ್ತೊಂಬತ್ತನೇ ಗಡಿಗೆಯ ಹೆಣ್ಣಿನ ಮಕ್ಕಳು ಇಪ್ಪತ್ತಾರು. ಮಾಳಿಗೆಯ ತುಂಬ ಅವೇ ಓಡಾಡುತ್ತಿದ್ದವು. ಹಾಜಿರಾ ಬೀ ಬಂಜೆ ಎಂಬ ಶಬ್ದಕ್ಕೆ ಏಣಿಯ ಮೇಲೇ ನಿಂತಳು.

ಮರುದಿನ, "ತತ್ತಿ ಬದಲು ಮಾಡೋದು ಬಿಟ್ಟುಬಿಡು," ಎಂದಳು. ಅವನು ಬಿಟ್ಟು ನೋಡಿದ. ಕಾವಿಗೆ ಕೂರುವ ರೂಢಿ ತಪ್ಪಿದ್ದ ಬಿಳಿ ಹೆಣ್ಣುಗಳು ತತ್ತಿಯಿಟ್ಟು ಆಕಾಶಕ್ಕೆ ಹೋದವು. ಒಂದು ತಿಂಗಳಲ್ಲಿ ಹನ್ನೊಂದು ತತ್ತಿ ತಣ್ಣಗಾದವು. ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ತುಳುಕಿದ ಸದ್ದಾಯಿತು. ಹನ್ನೆರಡನೆಯದನ್ನು ಟೋಪಿಯಲ್ಲಿಟ್ಟುಕೊಂಡ.

೧೯೮೨ರ ಹೊತ್ತಿಗೆ ಸಾಲು ಒಂಬತ್ತಾಗಿದ್ದವು. ಕಮರುನ್ನೀಸಾಗೆ ಹದಿನೆಂಟು. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಳು. ಮಾಸ್ತರರು ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ಅಲ್ಲ, ತಡೆದು ಕೇಳುತ್ತಲೂ ಇದ್ದಳು. ಓಣಿಯ ಹೆಂಗಸರು ಅವಳ ಮದುವೆಯ ಮಾತೆತ್ತುತ್ತಿದ್ದರು. ದೇವದುರ್ಗದಲ್ಲಿ ಬಿಸ್ಮಿಲ್ಲಾ ಬೀಯ ಹಿರಿಮಗ ಜಿಲಾನಿ ಪಾಷಾ ಇದ್ದಾನಲ್ಲ, ಅಕ್ಕನ ಮಗನನ್ನು ಬಿಟ್ಟು ಹೊರಗೆ ಯಾಕೆ ನೋಡಬೇಕು ಎನ್ನುತ್ತಿದ್ದರು. ಅವರ ಕಡೆ ಅದೇ ರೂಢಿ. ಹಾಜಿರಾ ಬೀ ಒಲೆ ಊದುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಪೀರಾ ಸಾಬ್ ತವರ ಕೊಳ್ಳಲು ರಾಯಚೂರಿಗೆ ಹೋದವನು ಮಾಸ್ತರರ ರೂಮಿಗೂ ಹೋದ. ಬಾಗಿಲು ತೆಗೆದವರು ಮಾಸ್ತರರೋ ಅವರ ಅಂಗಿಯೋ ತಿಳಿಯಲಿಲ್ಲ. ಅಂಗಿಯೊಳಗೆ ಮನುಷ್ಯ ಅಷ್ಟು ಕಡಿಮೆಯಾಗಿದ್ದರು. ಗೋಡೆಯ ತುಂಬ ಚೀಟಿ. ಒಂಬತ್ತು ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ನಲವತ್ತೊಂದು ಮರಿಗಳ ಅಂಕಿ. ಒಂಬತ್ತರಲ್ಲಿ ಒಂದಕ್ಕೂ ಬಗ್ಗದ ಮರಿಗಳು ಅವು.

"ಬಸವಂತಮ್ಮ ಅಕ್ಕಾರು ಎಲ್ಲಿ?" ಎಂದ ಪೀರಾ ಸಾಬ್, ಮಾಸ್ತರರ ಹೆಂಡತಿ ಕಾಣದೆ.

"ಮಸರಕಲ್ಲಿಗೆ ಹೋಗ್ಯಾಳ, ಹುಡುಗರನ್ನ ಕರಕೊಂಡು. ನಾನು ಇಲ್ಲೇ ಗಡಿಗಿಯೊಳಗ ತತ್ತಿ ಇಡಬೇಕಂತ." ಮಾಸ್ತರರು ನಕ್ಕರು; ಅರ್ಧಕ್ಕೇ ಕೆಮ್ಮು ಬಂತು. "ಮಾರ್ಚಿನಾಗ ಪಿಎಚ್‌ಡಿ ಪ್ರಬಂಧ ಒಪ್ಪಿಸಬೇಕ್ರಿ. ನನ್ನ ಗುರುಗಳು ಏನಂತಾರ ಗೊತ್ತೇನು? ಜೀವಿಗೆ ತೊಲಿ ಜಂತಿ ಬ್ಯಾಡಲೇ, ಸಣ್ಣ ಸಣ್ಣ ಬೊಂಬಿ, ಅಂದ್ರ ಮಾದರಿ, ಮಾಡು ಅಂತಾರ. ಈ ಮಾಳಗಿ ಪಾರಿವಾಳಕ್ಕ ಈ ಬೊಂಬಿ, ಆ ಊರಿನ ಕುರಿಗೆ ಆ ಬೊಂಬಿ. ಯಾವುದು ಯಾವುದರಂಗ ಅದ ಅಂತ ಹೇಳಿದ್ರ ಸಾಕು, ಅದ ಶಾಸ್ತ್ರ ಅಂತಾರ."

"ಛಲೋ ಹೇಳ್ಯಾರಲ್ರಿ. ನಾವೂ ಹಂಗ. ಇದು ಅದರಂಗ ಅದ ಅಂತ ನೋಡೇ ಹಕ್ಕಿ ಕೊಳ್ಳೋದು."

"ಅದು ಬೊಂಬಿ ಅಂಗಡಿ ಆತು ಪೀರಾ ಸಾಬ್. ವಹೀದರಿಗೆ ಏನ್ ಹೇಳ್ಲಿ? ಜೀವಿಗೆ ನಿಯಮ ಇಲ್ಲ ಅಂದ್ರ ಹದಿನೈದು ವರ್ಷ ನಾನು ಏನ್ ಕಲಿಸಿದೆ?"

ಪೀರಾ ಸಾಬ್ ಗೋಡೆಯ ಚೀಟಿಗಳತ್ತ ನೋಡಿದ. "ಮಾಸ್ತರ್, ಆ ಮೊದಲನೇ ಸಾಲು..." ಎಂದ.

"ಅದನ್ನ ಮುಟ್ಟಬ್ಯಾಡ್ರಿ. ಅದೊಂದ ಗಟ್ಟಿ ಉಳದದ. ಅದು ಹೋದ್ರ ಮಾಳಗಿ ತಲಿ ಮ್ಯಾಲ ಬೀಳತದ."

ಪೀರಾ ಸಾಬ್ ತವರದ ಗಂಟು ಎತ್ತಿಕೊಂಡು ಹೊರಟ. ಬಸ್ಸಿನಲ್ಲಿ ಕೂತು, ತಾನು ಹೇಳಲು ಹೊರಟಿದ್ದೆ, ಅವರೇ ಬೇಡವೆಂದರು ಎಂದು ತನಗೆ ತಾನೇ ಹೇಳಿಕೊಂಡ. ಮಾನ್ವಿ ಬರುವವರೆಗೆ ಅದನ್ನೇ ಹೇಳಿಕೊಂಡ. ಆದರೂ ಅದು ಮನಸ್ಸಿಗೆ ಹತ್ತಲಿಲ್ಲ.

ಫೆಬ್ರುವರಿಯ ಭಾನುವಾರ ಮಾಸ್ತರರು ಕೊನೆಯ ಸಲ ಬುಕ್ಕು ನೋಡಲು ಬಂದರು. ಮಾಳಿಗೆಯ ಮೇಲೆ ಚಾಪೆ ಹಾಸಿತ್ತು. ಕಮರುನ್ನೀಸಾ ಬುಕ್ಕು ಕೊಡುವ ಬದಲು ತನ್ನ ಮಡಿಲಲ್ಲೇ ಇಟ್ಟುಕೊಂಡಳು.

"ಸರ್, ಒಂದ್ ಮಾತು ಹೇಳ್ಲೇನು? ತಪ್ಪಾದ್ರ ಬೈಬ್ಯಾಡ್ರಿ."

"ಹೇಳು ಯವ್ವಾ."

"ಎರಡನೇ ಸಾಲಿನಿಂದ ಒಂಬತ್ತನೇದರ ತನಕ ಎಲ್ಲಾ ತಿದ್ದಿ ತಿದ್ದಿ ಬರದೀವಿ. ಮೊದಲನೇದು ಒಮ್ಮೆನೂ ಮುಟ್ಟಿಲ್ಲ. ಅದು ಸುಳ್ಳು ಅನಕೊಂಡು ನಾ ಮತ್ತ ಬರದು ನೋಡಿದೆ."

ಜೋಳ ಚೆಲ್ಲುತ್ತಿದ್ದ ಪೀರಾ ಸಾಬನ ಕೈ ಹಾಗೇ ನಿಂತಿತು.

"ಮೂರನೇ ಗಡಿಗಿ ಮರಿ ಮೂರನೇದ್ದಲ್ಲ, ಹತ್ತೊಂಬತ್ತನೇ ಗಡಿಗಿ ಬಿಳೀ ಹೆಣ್ಣಿಂದು ಅನ್ರಿ. ಹನ್ನೊಂದನೇದ್ದರಾಗ ಇರೋದು ಇಪ್ಪತ್ತೆರಡನೇದ್ದರ ಮರಿ ಅನ್ರಿ. ಹಿಂಗ ಜೋಡಿಸಿದ್ರ ನಲವತ್ತೊಂದು ತಪ್ಪಿನಾಗ ಒಂದೂ ಉಳಿಯಂಗಿಲ್ಲ ಸರ್. ಒಂಬತ್ತು ಸಾಲೂ ಬ್ಯಾಡ. ಜುಟ್ಟಿಂದೊಂದು, ಕಣ್ಣಿಂದೊಂದು, ಎರಡ ಸಾಕು." ಅವಳು ಹಾಳೆ ತಿರುವಿದಳು. "ಮತ್ತ ಕಾಗಿ ನೋಡ್ರಿ. ಆರು ವರ್ಷ ಬಿಳಿ ಹೆಣ್ಣಿನ ತತ್ತಿನ ಒಯ್ದಾವ. ಜುಟ್ಟಿನವುಕ್ಕ ಒಮ್ಮೆನೂ ಬಂದಿಲ್ಲ. ಕಾಗಿಗೆ ಜುಟ್ಟು ಕಂಡ್ರ ಅಂಜಿಕಿ ಏನು?"

ಮಾಸ್ತರರು ನಗಲಿಲ್ಲ. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಪೀರಾ ಸಾಬನ ಕಡೆ ತಿರುಗಿದರು.

"ಪೀರಾ ಸಾಬ್. ತತ್ತಿ ಬದಲು ಮಾಡ್ತೀರೇನು?"

ಕಾಗೆ ಎನ್ನಬಹುದಿತ್ತು. ಕಾಗೆಯ ಮಾತು ನಾಲಿಗೆಯ ಮೇಲೆ ಬಂದೂ ಇತ್ತು. ಪೀರಾ ಸಾಬ್ ಮಗಳ ಮುಖ ನೋಡಿದ; ಮಾಸ್ತರರ ಅಂಗಿಯ ಕೊರಳು ನೋಡಿದ. ಅದರೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗವಿತ್ತು. ಆ ಮನುಷ್ಯನನ್ನು ತಾನೇ ಆರು ವರ್ಷ ಕೂತು ತಿಂದಿದ್ದೇನೆ ಅನಿಸಿತು.

"ಮಾಡ್ತೀನ್ರಿ," ಎಂದ. "ಮೊದಲಿನಿಂದ ಮಾಡ್ತೀನಿ."

ಮಾಸ್ತರರ ಮುಖದಲ್ಲಿ ಒಂದು ಗಳಿಗೆ ದೀಪ ಹಚ್ಚಿದ ಹಾಗಾಯಿತು. ಬುಕ್ಕು ಕಸಿದುಕೊಂಡರು. "ಯಾವ ತತ್ತಿ ಯಾವ ಗಡಿಗಿಗೆ ಇಟ್ರಿ, ಹೇಳ್ರಿ. ಈಗ ಹೇಳ್ರಿ. ನಾ ಬರಕೋತೀನಿ."

"ಆರು ನೂರು ತತ್ತಿ ಮಾಸ್ತರ್. ಹೆಂಗ ನೆನಪಿರತದ? ಅವತ್ತ ಯಾವ ದಾಯಿ ತತ್ತಿ ಇಟ್ಟಿರತದ, ಅದಕ್ಕ ಇಟ್ಟುಬಿಡೋದು."

"ಒಂದರ?"

"ಕೈಯಾಗ ಬಿಸಿ ಇದ್ದದ್ದು ನೆನಪದ."

"ನಾ ಜೋಡಿಸಿದ್ದು ಇದ್ದೇ ಅದ ಅಲ್ರಿ ಸರ್," ಎಂದಳು ಕಮರುನ್ನೀಸಾ. "ಎಲ್ಲಾ ಹೊಂದತದ."

"ಹೊಂದತದ ಯವ್ವಾ. ಹೊಂದೋ ಹಂಗ ನೀನ ಜೋಡಿಸೀದಿ. ಮರಿ ತಲಿ ನೋಡಿ ತಾಯಿನ ಹುಡುಕೀದಿ. ಆಮ್ಯಾಲ ತಾಯಿ ತೋರಿಸಿ, ನೋಡ್ರಿ ತಲಿ ಹೊಂದಿತು ಅಂದ್ರ, ಯಾರ ಒಪ್ಪತಾರ? ನಾ ಪರೀಕ್ಷಾ ಮಾಡೋನಾದ್ರ ನಾನೂ ಒಪ್ಪಂಗಿಲ್ಲ." ಮಾಸ್ತರರು ಬುಕ್ಕನ್ನು ಮೆಲ್ಲಗೆ ಮುಚ್ಚಿದರು. "ಮೊದಲನೇ ಸಾಲು ಯಾರೂ ಪರೀಕ್ಷಾ ಮಾಡಂಗಿಲ್ಲ. ಅದಕ್ಕ ಅದನ್ನ ಮೊದಲನೇ ಸಾಲು ಮಾಡ್ತೀವಿ. ನಾ ಆರು ವರ್ಷ ಬರದದ್ದು ಪಾರಿವಾಳದ ಶಾಸ್ತ್ರ ಅಲ್ಲ. ಪೀರಾ ಸಾಬನ ಕೈ ಎಲ್ಲಿಂದ ಎಲ್ಲಿಗೆ ಹೋಗ್ತಿತ್ತು, ಅದರ ಶಾಸ್ತ್ರ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಕೊಡೆ ಹುಡುಕಿ ತೆಗೆದುಕೊಂಡು, ಏಣಿಯ ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ನೋಡುತ್ತ ಇಳಿದರು. ಪ್ರಬಂಧ ಒಪ್ಪಿಸಲಿಲ್ಲ. ಅಬ್ದುಲ್ ವಹೀದರು ಅದಾದ ಮೇಲೆ ಚಹಾಕ್ಕೆ ಕೂತಾಗ ಆ ಮಾತನ್ನೇ ತೆಗೆಯುವುದು ಬಿಟ್ಟರಂತೆ. ಅದು ಕುಟುಕಿದ್ದಕ್ಕಿಂತ ಹೆಚ್ಚು ಉರಿಯಿತು ಎಂದು ಮಾಸ್ತರರು ಆಮೇಲೆ ಯಾರಿಗೋ ಹೇಳಿದರು.

ಮಾಳಿಗೆಯ ಮೇಲೆ ತಂದೆ ಮಗಳು ಉಳಿದರು. ಬಿಸಿಲು ಏರುತ್ತಿತ್ತು.

"ಅಬ್ಬಾ," ಎಂದಳು. "ತತ್ತಿ ಬದಲು ಮಾಡೋದು ಎಲ್ಲಾರೂ ಮಾಡ್ತಾರಂತ. ನಿನ್ನೆ ಬ್ಯಾರೆ ಓಣಿಯೊಳಗ ಕೇಳಿದೆ. ಹಾಡುಹಗಲ ಮಾಡ್ತಾರ. ನೀ ಯಾಕ ಮುಚ್ಚಿಟ್ಟಿ?"

"ಹಿಂಗ ಸುಮ್ನ."

"ಮಾಸ್ತರಿಗೆ ಗೊತ್ತಾಗಬಾರದಂತ ಅಲ್ಲ ಮುಚ್ಚಿಟ್ಟಿದ್ದು. ಅವರು ಬರೋಕಿಂತ ಮೊದಲಿಂದ ಕಾಗಿ ಹೆಸರು ಹೇಳಾಕತ್ತಿ. ನನಗ ಗೊತ್ತಾಗಬಾರದಂತ ಮುಚ್ಚಿಟ್ಟಿ. ನನಗ್ಯಾಕ ಗೊತ್ತಾಗಬಾರದು?"

ಪೀರಾ ಸಾಬ್ ನೆಲದ ಮೇಲಿನ ಜೋಳದ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದ. ಹಾಜಿರಾ ಬೀ ಏಣಿಯ ಮೇಲೆ ಬಂದು ನಿಂತಿದ್ದಳು. ಅವಳ ತಲೆಯೊಂದೇ ಮಾಳಿಗೆಯ ಅಂಚಿನಿಂದ ಮೇಲೆ ಕಾಣುತ್ತಿತ್ತು.

ಕಮರುನ್ನೀಸಾ ತಾಯಿಯನ್ನೇ ನೋಡುತ್ತ ಮೆಲ್ಲಗೆ ಮಾತಾಡಿದಳು. ಗಣಿತದ ಲೆಕ್ಕ ಬಿಡಿಸುವಾಗಲೂ ಅವಳ ದನಿ ಹೀಗೇ ಇರುತ್ತಿತ್ತು. "ಜಿಲಾನಿ ಪಾಷಾಗ ಹೆಣ್ಣು ನೋಡಾಕತ್ತಿ ಮೂರು ವರ್ಷ ಆತು. ಎಲ್ಲಾರೂ ನನ್ನ ಹೆಸರು ಹೇಳ್ತಾರ. ಬಿಸ್ಮಿಲ್ಲಾ ಖಾಲಾ ಒಮ್ಮೆನೂ ಕೇಳಲಿಲ್ಲ, ನೀನೂ ಒಮ್ಮೆನೂ ಕೇಳಲಿಲ್ಲ. ನಾ ಚಂದ ಇಲ್ಲೇನೋ ಅನಕೊಂಡಿದ್ದೆ." ಆಮೇಲೆ ಅಂದಳು: "ಅಂವ ನನಗ ಅಣ್ಣ ಆಗಬೇಕೇನು, ಅಮ್ಮೀ?"

ಅಮ್ಮೀ ಎನ್ನುವ ಮೊದಲು ಅವಳು ಒಂದು ಗಳಿಗೆ ಯೋಚಿಸಿದಳು. ಹಾಜಿರಾ ಬೀಗೆ ಅದು ಕೇಳಿಸಿತು. ಆ ಗಳಿಗೆ ಅಷ್ಟು ಉದ್ದವಿತ್ತು ಅಂದರೆ, ಅದರಲ್ಲಿ ಮಾನ್ವಿಯ ಕೆರೆ ತುಂಬಿ ಒಣಗಬಹುದಿತ್ತು.

"ಹೂಂ," ಎಂದಳು ಹಾಜಿರಾ ಬೀ. ಏಣಿ ಇಳಿದು ಹೋದಳು.

ಸೋಮವಾರ ಮುಂಜಾನೆ ಕಮರುನ್ನೀಸಾ ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ದೇವದುರ್ಗದ ಬಸ್ ಹತ್ತಿದಳು. ಯಾರೂ ತಡೆಯಲಿಲ್ಲ. ತಡೆಯಲು ಯಾವ ಮಾತಿಟ್ಟುಕೊಂಡು ಬಾಗಿಲಲ್ಲಿ ನಿಲ್ಲಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಶುಕ್ರವಾರ ಪೀರಾ ಸಾಬ್ ಹೋದ. ಬಿಸ್ಮಿಲ್ಲಾ ಬೀಯ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಇಬ್ಬರು ಹೆಂಗಸರು ಕೂತಿದ್ದರು, ಒಬ್ಬಳು ದೊಡ್ಡವಳು, ಒಬ್ಬಳು ಚಿಕ್ಕವಳು. ಇಬ್ಬರೂ ಎಡಗಾಲು ಮಡಿಚಿ ಬಲಗಾಲು ಚಾಚಿದ್ದರು. ಮೊರವನ್ನು ಮೊಣಕಾಲಿಗೆ ಆನಿಸಿ ಹಿಡಿದ ರೀತಿಯೂ ಒಂದೇ. ಯಾರೂ ಯಾರಿಗೂ ಕಲಿಸಿದ್ದಲ್ಲ ಅದು. ಇಷ್ಟು ವರ್ಷ ರಂಜಾನಿಗೆ ಬಕ್ರೀದಿಗೆ ಬಂದು ಹೋಗಿದ್ದರೂ ಪೀರಾ ಸಾಬ್ ಇದನ್ನು ನೋಡಿರಲಿಲ್ಲ, ನೋಡಬಾರದೆಂದು ನೋಡಿರಲಿಲ್ಲ.

ಅವನನ್ನು ಕಂಡು ಬಿಸ್ಮಿಲ್ಲಾ ಬೀ ಸೆರಗು ಎಳೆದುಕೊಂಡು ಒಳಗೆ ಎದ್ದು ಹೋದಳು. ಅಳುತ್ತಿದ್ದಳೋ ಏನೋ.

"ಊಟ ಆತೇನು ಅಬ್ಬಾ?" ಎಂದಳು ಕಮರುನ್ನೀಸಾ.

"ಆತು." ಆಗಿರಲಿಲ್ಲ.

ಅವಳು ಮೊರದಲ್ಲಿ ಕಲ್ಲೊಂದನ್ನು ಹುಡುಕಿ ಆಚೆ ಹಾಕಿದಳು. "ಇವರ ಕಡೆ ಎಷ್ಟು ದಿನ ಹಾಲು ಕುಡದಿದ್ದೆ?"

"ಹನ್ನೊಂದು ದಿನ."

"ಅಮ್ಮೀ ಕಡೆ?"

"ಎರಡು ವರ್ಷ. ಮ್ಯಾಲ ಮೂರು ತಿಂಗಳು. ಬಿಡಸೋದು ಬಾಳ ಕಷ್ಟ ಆತು. ಬೇವಿನ ರಸ ಹಚ್ಚಿದ್ರೂ ಬಿಡಲಿಲ್ಲ ನೀ."

ಅವಳು ತಲೆಯಾಡಿಸಿದಳು. ನಗು ಬಂದ ಹಾಗಿತ್ತು, ಬರಲಿಲ್ಲ. "ಇಲ್ಲಿ ಕೇಳಿದ್ರ ಇವರು ಅಳತಾರ. ಅಲ್ಲಿ ಕೇಳಿದ್ರ ನೀವು ಅಳತೀರಿ. ನಾ ಯಾರನ್ನ ಕೇಳ್ಲಿ?"

"ನನ್ನ ಕೇಳು. ನಾ ಅಳಂಗಿಲ್ಲ."

"ಯಾಕ ಹೇಳಲಿಲ್ಲ?"

"ನೀ ಹೋಗಿಬಿಡ್ತಿ ಅಂತ."

"ಹೇಳಿದ್ರ ಹೋಗ್ತಿರಲಿಲ್ಲ ಅಬ್ಬಾ," ಎಂದಳು. ಸಿಟ್ಟಿರಲಿಲ್ಲ. ಇಂಥ ಗಡಿಗೆಯಲ್ಲಿ ಇಂಥ ಮರಿ ಎಂದು ಹೇಳುವ ಹಾಗೆ ಹೇಳಿದಳು. "ಈಗ ಸ್ವಲ್ಪ ದಿನ ಇಲ್ಲೇ ಇರ್ತೀನಿ."

ಎಷ್ಟು ದಿನ ಎಂದು ಅವನು ಕೇಳಲಿಲ್ಲ. ನೀರು ಕುಡಿದ. ಹಾಜಿರಾ ಬೀ ಕೊಟ್ಟು ಕಳಿಸಿದ್ದ ಶೇಂಗಾ ಚಟ್ನಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಬಸ್ ಸ್ಟ್ಯಾಂಡಿಗೆ ನಡೆದ.

ಬಸ್ಸಿನಲ್ಲಿ ಕಂಡಕ್ಟರ್, "ಎಷ್ಟ್ರೀ?" ಎಂದ.

"ಎರಡು ಮಾನ್ವಿ," ಎಂದ ಪೀರಾ ಸಾಬ್. ಬಾಯಿಗೆ ಅದೇ ಬಂತು. ಟಿಕೆಟು ಹರಿದು ಕೊಟ್ಟಾಯಿತು. ತಪ್ಪಾಯಿತು ಎನ್ನಲು ಅವನಿಗೆ ಮನಸ್ಸಾಗಲಿಲ್ಲ.

ಮುಂದಿನ ಊರಿನಲ್ಲಿ ಬಸ್ ತುಂಬಿತು. ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಅವನ ಪಕ್ಕದ ಖಾಲಿ ಸೀಟು ನೋಡಿ, "ಯಪ್ಪಾ, ಇಲ್ಲಿ ಯಾರರ ಕುಂತಾರೇನು?" ಎಂದು ಕೇಳಿದಳು.

"ಬರ್ತಾರವ್ವಾ," ಎಂದ.

ಅವಳು ಬುಟ್ಟಿಯನ್ನು ಕಾಲ ಹತ್ತಿರ ಇಳಿಸಿ, ಮೇಲಿನ ಸರಳು ಹಿಡಿದು ನಿಂತಳು. ಮಾನ್ವಿ ಬರುವವರೆಗೂ ನಿಂತೇ ಬಂದಳು, ಆ ಸೀಟನ್ನೇ ನೋಡುತ್ತ.